ಸರ್ಕಾರದಿಂದ ಏನಾದೀತು?

ನಮೂನೆ 7ರಿಂದ ನಮೂನೆ 57ರವರೆಗೆ ಒಂದು ಲೆಕ್ಕ

"ಸರ್ಕಾರದಿಂದ ಏನಾದೀತು?" ಈ ಮಾತು ಈಗ ಕೇಳಿಬರದ ಜಾಗವೇ ಇಲ್ಲ. ಸಂತೆಯಲ್ಲಿ ಇದೇ ಮಾತು, ಬಸ್ಸಿನಲ್ಲಿ ಇದೇ ಮಾತು, ಮದುವೆ ಮನೆಯ ಚಪ್ಪರದ ಕೆಳಗೂ ಇದೇ ಮಾತು. ಆದರೆ ಈ ಮಾತನ್ನು ಆಡುವವರು ಎರಡು ಬಗೆಯ ಜನ ಎಂಬುದನ್ನು ಓದುಗರು ಗಮನಿಸಬೇಕು.

ಒಬ್ಬ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿಕೊಂಡ ಬಡವ. ಅವನ ಬಾಯಲ್ಲಿ ಇದು ನಿಟ್ಟುಸಿರು. ಇನ್ನೊಬ್ಬ, ಮನೆಯ ಮುಂದೆ ಎರಡು ಕಾರು ನಿಲ್ಲಿಸಿಕೊಂಡು, ಮಕ್ಕಳನ್ನು ದುಬಾರಿ ಶಾಲೆಗೆ ಕಳಿಸಿ, ಕೆಮ್ಮು ಬಂದರೂ ದೊಡ್ಡ ಆಸ್ಪತ್ರೆ ಸೇರುವ ಅನುಕೂಲಸ್ಥ. ಅವನ ಬಾಯಲ್ಲಿ ಇದು ಸಿದ್ಧಾಂತ. ಬಡವ ಸುಸ್ತಾಗಿ ಆಡಿದ ಮಾತನ್ನು ಇವನು ಎತ್ತಿಕೊಂಡು, "ನೋಡಿ, ಜನರೇ ಹೇಳುತ್ತಿದ್ದಾರೆ, ಸರ್ಕಾರದ ಕೈಯಲ್ಲಿ ಏನೂ ಆಗುವುದಿಲ್ಲ, ಎಲ್ಲವನ್ನೂ ಮಾರುಕಟ್ಟೆಗೆ ಬಿಡಿ, ಉಳಿದದ್ದನ್ನು ದಾನಧರ್ಮಕ್ಕೆ ಬಿಡಿ" ಎಂದು ಉಪದೇಶ ಮಾಡುತ್ತಾನೆ.

ಈ ಉಪದೇಶಕರನ್ನು ಒಂದು ಪ್ರಶ್ನೆ ಕೇಳೋಣ. ಸ್ವಾಮಿ, ತಮ್ಮ ಜಮೀನಿನ ಪಹಣಿಯನ್ನು ಇಟ್ಟುಕೊಂಡು ಕಾಯುತ್ತಿರುವವರು ಯಾರು? ತಮ್ಮ ಕ್ರಯಪತ್ರಕ್ಕೆ ಮೊಹರು ಒತ್ತಿದವರು ಯಾರು? ತಮ್ಮ ಬೇಲಿಯೊಳಕ್ಕೆ ಒಬ್ಬ ಕೂಲಿಯವನು ಕಾಲಿಟ್ಟರೆ ತಾವು ಫೋನು ಮಾಡುವುದು ಯಾರಿಗೆ? ಮಾರುಕಟ್ಟೆಗೋ? ಇಲ್ಲ, ಪೊಲೀಸ್ ಠಾಣೆಗೆ. ತಮ್ಮ ಮಟ್ಟಿಗೆ ಸರ್ಕಾರ ದಿನಬೆಳಗಾದರೆ ಕೆಲಸ ಮಾಡುತ್ತಿದೆ, ಕರೆದ ಕೂಡಲೆ ಬರುತ್ತದೆ. ಬಡವನ ಸರದಿ ಬಂದಾಗ ಮಾತ್ರ ಅದು ಕೈಲಾಗದ್ದು ಆಗಿಬಿಡುತ್ತದೆ. ಈ ಚಮತ್ಕಾರ ಹೇಗೆ ಎಂಬುದನ್ನು ಬಿಡಿಸಿ ನೋಡತಕ್ಕದ್ದು ಅಗತ್ಯ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದ ಗೇಣಿದಾರರ ಕಥೆಯೇ ಸಾಕು. ಒಂದೇ ಸಮಸ್ಯೆ, ಒಂದೇ ಸೀಮೆ, ಹೆಚ್ಚುಕಡಿಮೆ ಅದೇ ಕಚೇರಿಗಳು. ಒಮ್ಮೆ ಸರ್ಕಾರ ಬಡವನನ್ನು ಜೈಲಿಗೆ ಹಾಕಿತು, ಒಮ್ಮೆ ಕಾಗದದಲ್ಲಿ ಕಾನೂನು ಬರೆದು ಕೂತಿತು, ಒಮ್ಮೆ ನಿಜವಾಗಿಯೂ ಜಮೀನು ಕೊಟ್ಟಿತು. ಮೂರೂ ಸರ್ಕಾರವೇ. ಹಾಗಾದರೆ ನಡುವೆ ಬದಲಾದದ್ದು ಏನು?

ಕಾಗೋಡಿನಲ್ಲಿ ಸರ್ಕಾರಕ್ಕೆ ಕೈಲಾಗಲಿಲ್ಲವೇ?

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ರೈತರ ಸತ್ಯಾಗ್ರಹ ಆರಂಭವಾಯಿತು. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗದ ಅಳತೆ ನ್ಯಾಯವಾಗಿರಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು, ತಲೆತಲಾಂತರದಿಂದ ಉತ್ತ ನೆಲದಿಂದ ಒಕ್ಕಲೆಬ್ಬಿಸಬಾರದು. ದೀವರ ಜನ ಕೇಳಿದ್ದು ಇಷ್ಟೆ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಗೆಳೆಯರೂ ಬೆನ್ನಿಗೆ ನಿಂತರು. ರೈತರು ತಂಡತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿದರು, ತಂಡತಂಡವಾಗಿ ಸೆರೆಮನೆಗೆ ಹೋದರು. ಅದೇ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದರು, ಅವರನ್ನೂ ಬಂಧಿಸಲಾಯಿತು.

ಆಗ ಸರ್ಕಾರಕ್ಕೆ ಕೈಲಾಗಲಿಲ್ಲ ಎಂದು ಯಾರಾದರೂ ಹೇಳಬಲ್ಲರೆ? ಪೊಲೀಸರು ಸಮಯಕ್ಕೆ ಸರಿಯಾಗಿ ಬಂದರು. ವ್ಯಾನುಗಳಿಗೆ ಪೆಟ್ರೋಲಿನ ಕೊರತೆ ಆಗಲಿಲ್ಲ. "ಅರ್ಜಿ ಪರಿಶೀಲನೆಯಲ್ಲಿದೆ" ಎಂದು ಯಾರೂ ಹೇಳಲಿಲ್ಲ. ಒಡೆಯರಿಗೆ ಒಂದು ಸಮಸ್ಯೆ ಇತ್ತು, ಸರ್ಕಾರ ಅದನ್ನು ಬಹು ದಕ್ಷತೆಯಿಂದ ಬಗೆಹರಿಸಿತು. ಸರ್ಕಾರಕ್ಕೆ ಕೈಯಿದೆ, ಕಾಲಿದೆ, ಬೇಕಾದಾಗ ಓಡಲೂ ಬರುತ್ತದೆ. ಅದು ಯಾರ ಕರೆಗೆ ಓಡುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಈ ಪಾಠವನ್ನು ಮೊದಲು ಗಂಟು ಹಾಕಿಕೊಳ್ಳಿ.

ಎಂಟು ವರ್ಷ ನಡೆದ ಕಾನೂನು

ಗೋಪಾಲಗೌಡರು 1952ರ ಚುನಾವಣೆಯಲ್ಲಿ ಗೆದ್ದು ಶಾಸನಸಭೆಗೆ ಹೋದರು. ಗದ್ದೆಯ ಕೂಗು ಸಭೆಯೊಳಗೆ ಹೊಕ್ಕಿತು. ಗೇಣಿಯ ಪ್ರಶ್ನೆಯನ್ನು ಇನ್ನು ತಳ್ಳಿಹಾಕುವಂತಿರಲಿಲ್ಲ. ಆಗ ಆಳುವವರು ಏನು ಮಾಡಿದರು? ತಳ್ಳಿಹಾಕಲಾಗದ ಪ್ರಶ್ನೆಗೆ ಮಾಡುವ ಮಾಮೂಲು ಕೆಲಸ ಮಾಡಿದರು: ಒಂದು ಸಮಿತಿ ನೇಮಿಸಿದರು.

ತಾರೀಖುಗಳನ್ನು ನೋಡಿ. 1957ರಲ್ಲಿ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ. 1958ರಲ್ಲಿ ಮಸೂದೆ. 1961ರಲ್ಲಿ ಮೈಸೂರು ಭೂಸುಧಾರಣಾ ಕಾಯಿದೆ. 1962ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ. ಸಮಿತಿಯಿಂದ ಜಾರಿಗೆ ಎಂಟು ವರ್ಷ! ಮಳೆಗಾಲಕ್ಕೆ ಕೊಡೆ ತರುತ್ತೇನೆಂದು ಹೋದವನು ಎಂಟು ಮಳೆಗಾಲ ಕಳೆದು ಬಂದಂತೆ.

ಈ ಎಂಟು ವರ್ಷ ಒಡೆಯರು ನಿದ್ದೆ ಮಾಡುತ್ತಿದ್ದರೆ? ಕಳ್ಳನಿಗೆ ಪೊಲೀಸು ಬರುವ ವೇಳೆಯನ್ನು ಮೊದಲೇ ತಿಳಿಸಿದರೆ ಏನಾಗುತ್ತದೋ ಅದೇ ಆಯಿತು. ಗೇಣಿದಾರರಿಂದ "ನಾನಾಗಿಯೇ ಜಮೀನು ಬಿಟ್ಟುಕೊಟ್ಟಿದ್ದೇನೆ" ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆಯವರಲ್ಲೇ ಪಾಲು ಪತ್ರ ಮಾಡಿ ಜಮೀನನ್ನು ತುಂಡು ತುಂಡಾಗಿ ಹಂಚಿದಂತೆ ತೋರಿಸಿದರು. ಗೇಣಿದಾರನನ್ನು ಕಾಗದದಲ್ಲಿ ಕೂಲಿಯಾಳು ಮಾಡಿದರು. ಅದೂ ಸಾಲದೆಂಬಂತೆ ಕಾಯಿದೆಯೇ ಒಡೆಯನಿಗೆ ಒಂದು ಹಿತ್ತಲ ಬಾಗಿಲು ಇಟ್ಟಿತ್ತು: "ಸ್ವಂತ ಸಾಗುವಳಿಗೆ ಬೇಕು" ಎಂದು ಹೇಳಿ ಜಮೀನನ್ನು ಹಿಂದಕ್ಕೆ ಪಡೆಯಬಹುದಿತ್ತು. ಸ್ವಂತ ಸಾಗುವಳಿ ಎಂದರೆ ನೇಗಿಲು ಹಿಡಿಯಬೇಕೆಂದೇನಿಲ್ಲ, ಆಳಿಟ್ಟು ಮೇಲುಸ್ತುವಾರಿ ಮಾಡಿದರೂ ಸಾಕು. ಬದುವಿನ ಮೇಲೆ ಕೊಡೆ ಹಿಡಿದು ನಿಂತವನೂ ರೈತ!

ಇಂಥ ಕಾನೂನಿಗೆ ನಮ್ಮ ದೇಶದಲ್ಲಿ ಬಂಧುಬಳಗ ದೊಡ್ಡದು. ಮಲ ಹೊರುವ ಪದ್ಧತಿಯನ್ನೇ ನೋಡಿ. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದ 1970ರ ದಶಕದ ಮೊದಲಲ್ಲೇ ಅದನ್ನು ನಿಲ್ಲಿಸುವ ಹೆಜ್ಜೆ ಇಟ್ಟರು. ದೇಶಕ್ಕೆ 1993ರಲ್ಲಿ ಒಂದು ಕಾಯಿದೆ ಬಂತು, 2013ರಲ್ಲಿ ಇನ್ನೊಂದು ಬಂತು. ಆದರೂ ಒಳಚರಂಡಿಯ ಗುಂಡಿಗೆ ಇಳಿದವನು ಹೆಣವಾಗಿ ಮೇಲೆ ಬರುವುದು ನಿಂತಿಲ್ಲ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಯಿತು. ಕಾರಣ ಗುಟ್ಟಿನದಲ್ಲ. ಈ ಅನ್ಯಾಯ ತನ್ನ ಊರಿನಲ್ಲಿ ಇದೆ ಎಂದು ಎಣಿಸಿ ಬರೆಯಬೇಕಾದ ಆಡಳಿತವೇ, ಹಾಗೆ ಬರೆದರೆ ತಪ್ಪಿತಸ್ಥ ಆಗುತ್ತದೆ. ತನ್ನ ಮೇಲೆ ತಾನೇ ದೂರು ಕೊಟ್ಟುಕೊಳ್ಳುವ ಮೂರ್ಖ ಯಾರು? ಆದ್ದರಿಂದ "ನಮ್ಮಲ್ಲಿ ಯಾರೂ ಇಲ್ಲ" ಎಂದು ಬರೆದು ಕಡತ ಕಟ್ಟುತ್ತಾರೆ.

ಆಳುವವರ ಭಟ್ಟಂಗಿಗಳಿಗೆ ಇಲ್ಲೊಂದು ಮಾತು ಹೇಳಬೇಕು. "ಯೋಜನೆ ಘೋಷಣೆಯಾಯಿತು, ಕಾನೂನು ಪಾಸಾಯಿತು, ಇನ್ನೇನು ಬೇಕು?" ಎಂದು ಹಾರ ಹಾಕಿಸಿಕೊಳ್ಳುವವರು ಇದ್ದಾರಷ್ಟೆ. ಕಾನೂನು ಪಾಸಾಗುವುದೆಂದರೆ ಬೀಜ ತಂದು ಅಟ್ಟದ ಮೇಲಿಟ್ಟಂತೆ. ಅಟ್ಟದ ಮೇಲಿನ ಬೀಜ ಇಲಿಗೆ ಆಹಾರ.

1974ರಲ್ಲಿ ಏನು ಬೇರೆಯಾಯಿತು?

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿ ಆದರು. ಗೋಪಾಲಗೌಡರು ಅದೇ ವರ್ಷ ತೀರಿಕೊಂಡರು. ತಾವು ಅರ್ಧ ಆಯುಷ್ಯ ಹೋರಾಡಿದ ವಿಷಯಕ್ಕೆ ಬಂದ ಕಾನೂನನ್ನು ಕಾಣಲಿಲ್ಲ. 1961ರ ಕಾಯಿದೆಗೆ ಭಾರಿ ತಿದ್ದುಪಡಿ ಆಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಾಯಿದೆ ಹೆಸರಿಗೆ ಅದೇ. ಕಂದಾಯ ಇಲಾಖೆ ಅದೇ. ಕಚೇರಿಯ ಮೇಜು ಕುರ್ಚಿಯೂ ಪ್ರಾಯಶಃ ಅದೇ. ಆದರೆ ಒಳಗಿನ ಯಂತ್ರವೇ ಬೇರೆ. ಏನು ಬೇರೆಯಾಯಿತು ಎಂಬುದನ್ನು ಎಣಿಸಿ ಹೇಳುತ್ತೇನೆ, ಏಕೆಂದರೆ ಈ ಲೇಖನದ ತಿರುಳು ಇಷ್ಟೇ.

ಒಂದು: ಹಿತ್ತಲ ಬಾಗಿಲು ಮುಚ್ಚಿತು. ಗೇಣಿಯ ಜಮೀನೆಲ್ಲ ಆ ಒಂದು ದಿನಾಂಕಕ್ಕೆ ಸರ್ಕಾರಕ್ಕೆ ಸೇರಿತು. ಸೈನಿಕರಂಥ ಕೆಲವರನ್ನು ಬಿಟ್ಟರೆ ಮಿಕ್ಕ ಒಡೆಯರಿಗೆ "ಸ್ವಂತ ಸಾಗುವಳಿಗೆ ಬೇಕು" ಎಂಬ ನೆಪ ಉಳಿಯಲಿಲ್ಲ. ಪಾಲು ಪತ್ರ, ಹೆಬ್ಬೆಟ್ಟಿನ ಆಟಕ್ಕೆ ಬಿಡುವು ಸಿಕ್ಕದಂತೆ ದಿನಾಂಕ ನಿಗದಿಯಾಯಿತು.

ಎರಡು: ತೀರ್ಪು ಕೊಡುವ ಪೀಠ ಹತ್ತಿರ ಬಂತು. ಭೂ ನ್ಯಾಯಮಂಡಳಿಗಳು ಹುಟ್ಟಿದವು. ಉಪವಿಭಾಗಾಧಿಕಾರಿ ಅಧ್ಯಕ್ಷ, ಆತನ ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಅಧಿಕಾರಿಯ ಪಕ್ಕದಲ್ಲಿ ಗದ್ದೆಯ ಮಣ್ಣಿನ ವಾಸನೆ ಬಲ್ಲವರು ಕುಳಿತರು. ಯಾರ ಗದ್ದೆ ಯಾರು ಉಳುತ್ತಾರೆ ಎಂದು ಊರಿಗೆಲ್ಲ ಗೊತ್ತಿರುವ ಸತ್ಯವನ್ನು ಊರಿನ ಕಡೆಯ ಕಿವಿಯೇ ಕೇಳುವಂತಾಯಿತು.

ಮೂರು: ವಕೀಲರಿಗೆ ಪ್ರವೇಶ ಇಲ್ಲವೆಂದರು. ಒಡೆಯನಿಗೆ ಜಿಲ್ಲಾ ಕೇಂದ್ರದಿಂದ ದೊಡ್ಡ ವಕೀಲ, ಗೇಣಿದಾರನಿಗೆ ಬರಿಗೈ ಎಂಬ ಅಸಮ ಕುಸ್ತಿ ನಿಂತಿತು. ಈ ನಿಷೇಧ ನಿಲ್ಲತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೇಳುವ ಹೊತ್ತಿಗೆ ಬಹಳಷ್ಟು ಕೆಲಸ ಆಗಿಹೋಗಿತ್ತು.

ನಾಲ್ಕು: ಬಡವ ಮಾಡಬೇಕಾದದ್ದು ಒಂದು ಸರಳ ಕೆಲಸ, ನಮೂನೆ 7 ಎಂಬ ಅರ್ಜಿ ತುಂಬುವುದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇಂದಿಗೂ ಮುದುಕರು "ಏಳನೇ ನಮೂನೆ" ಎಂದರೆ ಸಾಕು, ಕಣ್ಣು ಅರಳಿಸುತ್ತಾರೆ. ಅರ್ಜಿಯ ಗಡುವನ್ನು ಮತ್ತೆ ಮತ್ತೆ ಹಿಗ್ಗಿಸಿ ಕಡೆಗೆ 1979ರ ಜೂನ್ 30ರವರೆಗೆ ತಂದರು.

ಇದರ ಫಲ ಏನು? ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಲಕ್ಷಾಂತರ ಮನೆಗಳಲ್ಲಿ ಮೊದಲ ಬಾರಿಗೆ, ಬೆಳೆದ ಭತ್ತ ಬೆಳೆದವನ ಕಣಜಕ್ಕೆ ಹೋಯಿತು. ಆ ಮನೆಗಳ ಮಕ್ಕಳು ಶಾಲೆಗೆ ಬಂದರು. ಇಂದು ಮೇಷ್ಟರು, ದಾದಿ, ಇಂಜಿನಿಯರು, ಅಧಿಕಾರಿ ಆಗಿರುವ ಎಷ್ಟೋ ಮಂದಿಯ ಹಿಂದೆ ಅಜ್ಜನೊಬ್ಬನ ನಮೂನೆ 7 ಇದೆ. "ಸರ್ಕಾರದಿಂದ ಏನಾದೀತು?" ಎನ್ನುವ ಇಂಥ ಮೊಮ್ಮಗನಿಗೆ ಪೆಟ್ಟಿಗೆಯ ತಳದಲ್ಲಿರುವ ಆ ಕಾಗದವನ್ನು ಒಮ್ಮೆ ತೆಗೆದು ನೋಡಲು ಹೇಳಿ.

ಒಂದೇ ಕಾನೂನು, ಬೇರೆ ಬೇರೆ ಜಿಲ್ಲೆ

"ಅದೆಲ್ಲ ದೇವರಾಜ ಅರಸರೊಬ್ಬರ ದೊಡ್ಡತನ. ಅಂಥ ಮನುಷ್ಯ ಬಂದರೆ ಆಗುತ್ತದೆ, ಬಾರದಿದ್ದರೆ ಇಲ್ಲ" ಎಂದು ಕೆಲವರು ಹೇಳುವುದುಂಟು. ಅರಸರ ದೊಡ್ಡತನವನ್ನು ಅಲ್ಲಗಳೆಯುವ ಅಲ್ಪತನ ನಮಗೆ ಬೇಡ. ಮನಸ್ಸಿಲ್ಲದ ಮುಖ್ಯಮಂತ್ರಿಯಾಗಿದ್ದರೆ ಇನ್ನೊಂದು ಸಮಿತಿ ಹುಟ್ಟುತ್ತಿತ್ತು. ಆದರೆ ಒಬ್ಬ ಮನುಷ್ಯನೇ ಎಲ್ಲವನ್ನೂ ಮಾಡಿದ್ದರೆ ಆ ಕಾನೂನು ಎಲ್ಲ ಜಿಲ್ಲೆಗಳಲ್ಲೂ ಒಂದೇ ಫಲ ಕೊಡಬೇಕಿತ್ತು. ಕೊಟ್ಟಿತೆ?

ಕೊಡಲಿಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅರ್ಜಿಗಳು ಪ್ರವಾಹದಂತೆ ಬಂದವು, ಗೇಣಿದಾರರು ಗೆದ್ದರು. ಕಲ್ಯಾಣ ಕರ್ನಾಟಕ ಎಂದು ನಾವೀಗ ಕರೆಯುವ ಬಯಲುಸೀಮೆಯಲ್ಲಿ ಅಷ್ಟು ಆಗಲಿಲ್ಲ. ಕರಾವಳಿ ಮಲೆನಾಡುಗಳಲ್ಲಿ ಗೇಣಿಯ ವ್ಯವಸಾಯವೇ ಹೆಚ್ಚು, ದಾಖಲೆಯೂ ಹೆಚ್ಚು ಎಂಬುದು ನಿಜ. ಆದರೆ ಅಷ್ಟರಿಂದಲೇ ಲೆಕ್ಕ ತೀರುವುದಿಲ್ಲ. ಆ ಜಿಲ್ಲೆಗಳಲ್ಲಿ ಕಾನೂನು ಬರುವ ಎಷ್ಟೋ ವರ್ಷ ಮೊದಲೇ ರೈತ ಸಂಘಗಳಿದ್ದವು. ಸಮಾಜವಾದಿಗಳು ಒಂದು ಕಡೆ, ಕಮ್ಯುನಿಸ್ಟರು ಇನ್ನೊಂದು ಕಡೆ ಗೇಣಿದಾರರನ್ನು ಒಗ್ಗೂಡಿಸಿದ್ದರು. ಅರ್ಜಿ ಬರೆದುಕೊಡುವ ಹುಡುಗನಿದ್ದ. ಸಾಕ್ಷಿ ಹೇಳಲು ನೆರೆಯ ಗದ್ದೆಯವನಿದ್ದ. ಒಡೆಯ ಕಣ್ಣು ಕೆಂಪಗೆ ಮಾಡಿದರೆ "ನಾವು ಹತ್ತು ಮಂದಿ ಇದ್ದೇವೆ" ಎನ್ನುವ ಧೈರ್ಯವಿತ್ತು. ಇಂಥ ಕಡೆಯೂ ಒಡೆಯರ ಮುಖ ನೋಡಿ, ಅನ್ನದ ಋಣ ನೆನೆದು ಅರ್ಜಿ ಹಾಕದೆ ಸುಮ್ಮನುಳಿದವರು ಇದ್ದರು. ಸಂಘವೇ ಇಲ್ಲದ ಕಡೆ ಹಾಗೆ ಸುಮ್ಮನುಳಿದವರು ಎಷ್ಟೋ!

ಈ ಮಾತನ್ನು ನಂಬದವರಿಗೆ ಒಂದು ಸಣ್ಣ ಸಂಗತಿ. ನಾನು ಮೇಷ್ಟರಾಗಿದ್ದ ಹಳ್ಳಿಯಲ್ಲಿ ಶಾಲೆಯ ಮಾಡು ಸೋರುತ್ತಿತ್ತು. ಎರಡು ಮಳೆಗಾಲದಲ್ಲಿ ಮೂರು ಪತ್ರ ಬರೆದೆವು. ಮೂರಕ್ಕೂ ಉತ್ತರವಿಲ್ಲ. ಮೂರನೆಯ ಮಳೆಗಾಲದ ಮೊದಲಲ್ಲಿ ಊರಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕಚೇರಿಯ ಪಡಸಾಲೆಯಲ್ಲೇ ಪಾಠ ಹೇಳಿಸಿರೆಂದು ಕೂತರು. ಅದೇ ವಾರ ಅಳತೆ ಪಟ್ಟಿ ಹಿಡಿದು ಇಂಜಿನಿಯರು ಬಂದರು. ಹಣ ಮೊದಲೂ ಇತ್ತು, ಇಂಜಿನಿಯರು ಮೊದಲೂ ಇದ್ದರು. ಪಡಸಾಲೆಯಲ್ಲಿ ತಾಯಂದಿರು ಇರಲಿಲ್ಲ.

ಆಕ್ಷೇಪಣೆಗಳಿಗೆ ಉತ್ತರ

ನಮ್ಮ ಎದುರಾಳಿಗಳು ಕೇಳುವ ಕೆಲವು ಪ್ರಶ್ನೆಗಳಲ್ಲಿ ಹುರುಳಿದೆ. ಅವುಗಳಿಂದ ಓಡತಕ್ಕದ್ದಲ್ಲ.

"1974ರ ಕಾನೂನು ಉಳುವ ಗೇಣಿದಾರನಿಗೆ ಕೊಟ್ಟಿತು, ಗೇಣಿಯೂ ಇಲ್ಲದ ಕೂಲಿಯವನಿಗೆ ಏನು ಕೊಟ್ಟಿತು?" ಸತ್ಯವಾದ ಮಾತು. ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸಿಗೆ, ಜೀತಕ್ಕಿದ್ದ ದಲಿತನಿಗೆ ಅದರಲ್ಲಿ ಪಾಲು ಬಲು ಕಡಿಮೆ. ಹಕ್ಕುಪತ್ರ ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರಿಗೇ ಆಯಿತು. ಭೂಮಿತಿ ಒಂದು ಕುಟುಂಬಕ್ಕೆ 10 ಯೂನಿಟ್ ಎಂದರು. ಒಣ ಜಮೀನಾದರೆ ಅದು 54 ಎಕರೆಯವರೆಗೆ ಹೋಗುತ್ತದೆ. ಕಾಫಿ, ಟೀ, ರಬ್ಬರು, ಏಲಕ್ಕಿ ತೋಟಗಳನ್ನು ಭೂಮಿತಿಯ ಹೊರಗೇ ಬಿಟ್ಟರು. ಬಡ ಗೇಣಿದಾರನ ಗದ್ದೆಯ ಲೆಕ್ಕ ಗುಂಟೆಯಲ್ಲಿ ನಡೆದರೆ ತೋಟದ ಸಾಹುಕಾರನ ಲೆಕ್ಕ ಬೆಟ್ಟದಲ್ಲಿ ನಡೆಯಿತು. ಇನ್ನೊಂದು ಕಡೆ, ಎರಡೆಕರೆ ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ವಿಧವೆಯರೂ ದೊಡ್ಡ ಒಡೆಯರ ಸಾಲಿನಲ್ಲೇ ಜಮೀನು ಕಳೆದುಕೊಂಡರು. ಇವೆಲ್ಲ ಆ ಕಾನೂನಿನ ಕೊರತೆಗಳು.

ಆದರೆ ಈ ಕೊರತೆಗಳು ಏನನ್ನು ಸಾಧಿಸುತ್ತವೆ? ಸರ್ಕಾರ ಕೈಲಾಗದ್ದು ಎಂದೆ? ಖಂಡಿತ ಇಲ್ಲ. ಗೇಣಿದಾರ ಸಂಘಟಿತನಾಗಿದ್ದ, ಅವನಿಗೆ ಸಿಕ್ಕಿತು. ತೋಟದ ಮಾಲೀಕ ಅವನಿಗಿಂತ ಸಂಘಟಿತನಾಗಿದ್ದ, ಅವನು ಕಾನೂನಿನ ಹೊರಗೇ ಉಳಿದ. ಕೂಲಿಯವನಿಗೂ, ಹೆಂಗಸಿಗೂ, ಬಡ ವಿಧವೆಗೂ ಪರವಾಗಿ ಮೇಜು ಗುದ್ದುವವರು ಇರಲಿಲ್ಲ, ಅವರನ್ನು ಯಾರೂ ನೆನೆಯಲಿಲ್ಲ. ಸಿಕ್ಕವರ ಲೆಕ್ಕವೂ ಸಿಕ್ಕದವರ ಲೆಕ್ಕವೂ ಒಂದೇ ಸೂತ್ರಕ್ಕೆ ಬರುತ್ತದೆ.

"ಸರ್ಕಾರಕ್ಕಿಂತ ಖಾಸಗಿಯವರು ಚುರುಕು" ಎಂಬುದು ಇನ್ನೊಂದು ವಾದ. ಲಾಭವಿರುವಲ್ಲಿ ಚುರುಕು ಎಂಬುದನ್ನು ಒಪ್ಪೋಣ. ಲಾಭವಿಲ್ಲದಲ್ಲಿ? ಪೋಲಿಯೋ ಹನಿಯನ್ನು ನೆನೆಯಿರಿ. 1995ರಲ್ಲಿ ದೇಶವ್ಯಾಪಿಯಾಗಿ ಹನಿ ಹಾಕುವ ಕೆಲಸ ಶುರುವಾಯಿತು. ಅಂಗನವಾಡಿಯ ಹೆಣ್ಣುಮಕ್ಕಳು, ದಾದಿಯರು, ಆಮೇಲೆ ಆಶಾ ಕಾರ್ಯಕರ್ತೆಯರು ಮಂಜುಗಡ್ಡೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಗುಡಿಸಲು ಗುಡಿಸಲಿಗೆ ಹೋದರು, ರೈಲ್ವೆ ನಿಲ್ದಾಣದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕಬ್ಬು ಕಡಿಯುವವರ ಟೆಂಟಿನಲ್ಲಿ ಮಗು ಹುಡುಕಿದರು. ದೇಶದ ಕಡೆಯ ಪೋಲಿಯೋ ರೋಗಿ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಒಂದು ಮಗು. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಕೊಟ್ಟಿತು. ರೋಟರಿಯಂಥ ಸೇವಾ ಸಂಸ್ಥೆಗಳು ಹಣ ಕೊಟ್ಟವು, ಕೈ ಜೋಡಿಸಿದವು. ಅವರಿಗೆ ಕೃತಜ್ಞತೆ ಸಲ್ಲಲಿ. ಆದರೆ ಒಂದು ಮಗುವನ್ನೂ ಬಿಡದೆ ದೇಶದ ಪ್ರತಿ ಮನೆಯ ಬಾಗಿಲು ತಟ್ಟುವ ಕೆಲಸವನ್ನು ಯಾವ ಕಂಪನಿ ಗುತ್ತಿಗೆ ಹಿಡಿಯುತ್ತಿತ್ತು?

ಆ ರೋಗ ಬಡವನ ಮಗು, ಸಾಹುಕಾರನ ಮಗು ಎಂದು ಭೇದ ಮಾಡುತ್ತಿರಲಿಲ್ಲ. ಆದ್ದರಿಂದ ಅದನ್ನು ಹೋಗಲಾಡಿಸಲು ಯಾರೂ ಅಡ್ಡ ಬರಲಿಲ್ಲ. ಜಮೀನಿನ ವಿಷಯ ಹಾಗಲ್ಲ. ಅಲ್ಲಿ ಒಬ್ಬನಿಗೆ ಕೊಡಬೇಕಾದರೆ ಇನ್ನೊಬ್ಬನಿಂದ ತೆಗೆಯಬೇಕು. ಯಾರ ಕೈಯಿಂದಲೂ ಕಿತ್ತುಕೊಳ್ಳದೆ ಬಗೆಹರಿಯುವ ಸಮಸ್ಯೆಗೆ ಹಣ, ಶಿಸ್ತು, ದುಡಿಯುವ ಕೈ ಸಾಕು. ಕಿತ್ತುಕೊಳ್ಳಬೇಕಾದ ಸಮಸ್ಯೆಗೆ ಅವೆಲ್ಲದರ ಮೇಲೆ ಹೋರಾಟವೂ ಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ "ಸರ್ಕಾರ ಮಾಡುತ್ತದೆ", "ಸರ್ಕಾರ ಮಾಡುವುದಿಲ್ಲ" ಎಂದು ತೀರ್ಪು ಕೊಡುವುದು ತಲೆಯಿಲ್ಲದ ಮಾತು.

ಗೆದ್ದದ್ದು ಉಳಿಯಿತೆ?

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ಅದೇ ಭೂಸುಧಾರಣಾ ಕಾಯಿದೆಯಲ್ಲಿ 79ಎ, 79ಬಿ ಎಂಬ ಕಲಮುಗಳಿದ್ದವು. ಕೃಷಿಯಿಂದಲ್ಲದ ದೊಡ್ಡ ಆದಾಯವುಳ್ಳವರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎಂಬುದು ಅವುಗಳ ಸಾರ. 2020ರಲ್ಲಿ, ಕೊರೋನಾ ಎಂದು ಜನ ಮನೆಯೊಳಗೆ ಅವಿತಿದ್ದ ಕಾಲದಲ್ಲಿ, ಮೊದಲು ಸುಗ್ರೀವಾಜ್ಞೆ ಬಂತು, ಆಮೇಲೆ ತಿದ್ದುಪಡಿ ಕಾಯಿದೆ ಬಂತು. ಆ ಕಲಮುಗಳು ಹೋದವು. ಈಗ ಹಣವಿದ್ದವನು ಯಾರೇ ಆಗಲಿ ಹೊಲ ಕೊಳ್ಳಬಹುದು. ರೈತ ಸಂಘಗಳು ಬೀದಿಗಿಳಿದವು; ಆದರೆ ನಮೂನೆ 7ರ ಫಲ ಉಂಡ ಲಕ್ಷಾಂತರ ಮನೆಗಳಲ್ಲಿ ಎಷ್ಟು ಮನೆಯವರು ಬಂದರು? ಅಜ್ಜ ಪಡೆದ ಗದ್ದೆಗೆ ಒಳ್ಳೆಯ ಬೆಲೆ ಬರುತ್ತದೆಂದು ಮೊಮ್ಮಗ ಒಳಗೊಳಗೇ ಸಂತೋಷಪಟ್ಟ ಮನೆಗಳೂ ಇವೆ.

ಎಂಟು ವರ್ಷ ಎಳೆದಾಡಿ ಒಂದು ಕಾನೂನನ್ನು ಜಾರಿಗೆ ತಂದ ಅದೇ ವ್ಯವಸ್ಥೆ, ಅದೇ ಕಾನೂನಿನ ಬೇಲಿ ಕೀಳುವುದನ್ನು ಒಂದೇ ವರ್ಷದಲ್ಲಿ ಮುಗಿಸಿತು. ಇನ್ನೂ "ಸರ್ಕಾರದ ಕೈಲಾಗುವುದಿಲ್ಲ" ಎನ್ನುತ್ತೀರಾ?

ಇನ್ನು ಬಗರ್ ಹುಕುಂ. ಗೇಣಿಯೂ ಇಲ್ಲದೆ, ಸರ್ಕಾರಿ ಪಾಳು ನೆಲದ ಮುಳ್ಳುಗಿಡ ಕಡಿದು, ಕಲ್ಲು ಆರಿಸಿ, ರಾಗಿಯನ್ನೋ ಜೋಳವನ್ನೋ ಬೆಳೆದುಕೊಂಡ ಬಡವರ ವಿಷಯ ಇದು. 1974ರಲ್ಲಿ ಬಿಟ್ಟುಹೋದವರು ಬಹಳ ಮಟ್ಟಿಗೆ ಇವರೇ. ಇವರಿಗಾಗಿ 1991ರಲ್ಲಿ ನಮೂನೆ 50 ಬಂತು. ಆಮೇಲೆ ನಮೂನೆ 53. 2018ರಲ್ಲಿ ನಮೂನೆ 57. ಅರ್ಜಿಯ ಸಂಖ್ಯೆ ಏರುತ್ತಾ ಹೋಗಿದೆ, ಅರ್ಜಿದಾರನ ತಲೆ ನರೆಯುತ್ತಾ ಹೋಗಿದೆ. ಲಕ್ಷಗಟ್ಟಲೆ ಅರ್ಜಿಗಳು ಬಿದ್ದವು. ಅನೇಕವನ್ನು ಅನರ್ಹ ಎಂದು ತಳ್ಳಿದರು: ಇದು ಗೋಮಾಳ, ಇದು ಅರಣ್ಯ, ಇದು ಪಟ್ಟಣದ ಎಲ್ಲೆಗೆ ಹತ್ತಿರ.

ಇಲ್ಲಿಯ ಯಂತ್ರವನ್ನು 1974ರ ಯಂತ್ರದ ಪಕ್ಕದಲ್ಲಿಟ್ಟು ನೋಡಿ. ತೀರ್ಮಾನಿಸುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಚುನಾವಣೆ ಬಂದರೆ ಸಮಿತಿ ನಿಲ್ಲುತ್ತದೆ. ಸರ್ಕಾರ ಬದಲಾದರೆ ಹೊಸ ಸಮಿತಿಗಾಗಿ ಕಾಯಬೇಕು. ಸಮಿತಿ ಆದರೂ ಸಭೆಗಾಗಿ ಕಾಯಬೇಕು. ಅಂದು ಹಕ್ಕು ಎಂದು ಕೇಳಿದ್ದು ಇಂದು ಶಾಸಕರ ಕೃಪೆ ಎಂದಾಗಿದೆ. ಅಂದು ಊರಿನ ಸಾಕ್ಷಿಯ ಮಾತಿಗೆ ತೂಕವಿತ್ತು. ಇಂದು ಆಕಾಶದ ಉಪಗ್ರಹ ತೆಗೆದ ಚಿತ್ರದಲ್ಲಿ ಸಾಗುವಳಿ ಕಾಣುತ್ತದೆಯೇ ಎಂದು ನೋಡುತ್ತಾರೆ. ಬಡವ ಉತ್ತ ಒಂದೂವರೆ ಎಕರೆ ಆಕಾಶದಿಂದ ಸರಿಯಾಗಿ ಕಾಣಬೇಕಂತೆ! ಸುಳ್ಳು ಅರ್ಜಿಗಳನ್ನು ತಡೆಯಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನೆಲದ ಮೇಲೆ ನಿಂತ ನೆರೆಯವನ ಮಾತು ಸುಳ್ಳು, ಮುಗಿಲ ಮೇಲಿನ ಯಂತ್ರದ ಮಾತು ಮಾತ್ರ ನಿಜ ಎನ್ನುವುದಾದರೆ ಆ ನ್ಯಾಯ ನಮಗೆ ತಿಳಿಯದು.

ಈಗ ನಾವು ಕೇಳಬೇಕಾದದ್ದು

ಆದ್ದರಿಂದ ಗೆಳೆಯರೇ, "ಸರ್ಕಾರದಿಂದ ಏನಾದೀತು?" ಎಂದು ಕೇಳಿ ಕೈ ಕೊಡವಿಕೊಳ್ಳುವುದನ್ನು ಬಿಡಿ. ಆ ಪ್ರಶ್ನೆ ಬಡವನನ್ನು ಮನೆಯಲ್ಲಿ ಕೂರಿಸುತ್ತದೆ, ಸಾಹುಕಾರನನ್ನು ವಿಧಾನಸೌಧದಲ್ಲಿ ಕೂರಿಸುತ್ತದೆ. ನಾವು ಬೇಡವೆಂದು ಬಿಟ್ಟುಬಂದ ಕುರ್ಚಿ ಒಂದು ದಿನವೂ ಖಾಲಿ ಉಳಿಯುವುದಿಲ್ಲ.

ಯಾವ ಕಾನೂನು ಬರಲಿ, ಯಾವ ಯೋಜನೆ ಬರಲಿ, ಯಾವ ಪಕ್ಷದ ಮಂತ್ರಿ ಹಾರ ಹಾಕಿಸಿಕೊಂಡು ಘೋಷಿಸಲಿ, ನಾಲ್ಕು ಪ್ರಶ್ನೆ ಕೇಳಿ. ಎಂದು ಜಾರಿ? ಆ ದಿನಾಂಕಕ್ಕೆ ಮೊದಲು ಉಳ್ಳವರು ಬಚ್ಚಿಡಲು ಬಿಡುವು ಎಷ್ಟು? ರುಜುವಾತು ಮಾಡಬೇಕಾದ ಹೊರೆ ಬಡವನ ಮೇಲೋ ಉಳ್ಳವನ ಮೇಲೋ? ತೀರ್ಪು ಕೊಡುವ ಮೇಜಿನ ಸುತ್ತ ನಮ್ಮವರು ಯಾರು? ಈ ನಾಲ್ಕಕ್ಕೂ ನೆಟ್ಟಗೆ ಉತ್ತರ ಬಂದರೆ ಆ ಕಾನೂನಿಗೆ ಜೀವವಿದೆ ಎಂದು ತಿಳಿಯಿರಿ. ಬಾರದಿದ್ದರೆ ಅದು 1961ರ ಕಾಯಿದೆಯ ತಮ್ಮ.

ಅದರ ಮೇಲೆ ನಮ್ಮ ಪಾಲಿನ ಕೆಲಸ ಇದೆ. ನಿಮ್ಮ ಊರಿನಲ್ಲಿ ನಮೂನೆ 50, 53, 57 ಹಾಕಿದವರ ಪಟ್ಟಿ ಮಾಡಿ. ಸ್ವೀಕೃತಿ ಚೀಟಿ ಯಾರ ಬಳಿ ಇದೆ, ಯಾರ ಅರ್ಜಿ ತಿರಸ್ಕೃತವಾಯಿತು, ಯಾವ ಕಾರಣ ಬರೆದಿದ್ದಾರೆ ಎಂದು ಬರೆದಿಡಿ. ಕಾರಣ ಕೊಡದಿದ್ದರೆ ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅದೂ ರಾಜಸ್ಥಾನದ ಬ್ಯಾವರಿನಲ್ಲಿ 1996ರಲ್ಲಿ ಹಳ್ಳಿಯ ಕೂಲಿಕಾರರು ಬೀದಿಯಲ್ಲಿ ಧರಣಿ ಕೂತ ಹೋರಾಟದಿಂದ ಬೆಳೆದು ಬಂದ ಕಾಯಿದೆ, ಯಾರೂ ದಾನ ಕೊಟ್ಟದ್ದಲ್ಲ. ಹಕ್ಕುಪತ್ರ ಬಂದರೆ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ ಎಂದು ಒತ್ತಾಯಿಸಿ. 1974ರ ಕೊರತೆ ಇನ್ನೊಮ್ಮೆ ಆಗಬಾರದು. ಸಮಿತಿಯ ಸಭೆಯ ದಿನ ಒಬ್ಬೊಬ್ಬರೇ ಹೋಗಿ ಕೈ ಮುಗಿಯಬೇಡಿ, ಊರಿಗೆ ಊರೇ ಹೋಗಿ ಕೂತುಕೊಳ್ಳಿ.

ಕಾಗೋಡಿನ ಜನ ಗದ್ದೆಗೆ ಇಳಿದ ದಿನ ಅವರ ಕೈಯಲ್ಲಿ ಕಾನೂನಿರಲಿಲ್ಲ, ಸರ್ಕಾರ ಅವರ ಎದುರಿಗಿತ್ತು. ಅಲ್ಲಿಂದ ನಮೂನೆ 7ಕ್ಕೆ ಇಪ್ಪತ್ಮೂರು ವರ್ಷ ಹಿಡಿಯಿತು. ನಮ್ಮ ಕೈಯಲ್ಲಿ ಅರ್ಜಿಯಿದೆ, ಕಾನೂನಿದೆ, ಮತವಿದೆ. ಸಭೆಯ ದಿನ ಪಡಸಾಲೆಯಲ್ಲಿ ಎಷ್ಟು ಜನ ಇರುತ್ತೇವೆ ಎಂಬುದು ಮಾತ್ರ ತೀರ್ಮಾನವಾಗಬೇಕಾಗಿದೆ.